ನಡೆಯಬಲ್ಲವರ ದಾರಿ

ತರೀಕೆರೆಯಿಂದ ಗುಡ್ಡಕ್ಕೆ ಹತ್ತುವ ಆ ಕಾಲುದಾರಿಯನ್ನು ಯಾರಾದರೂ ನನ್ನೆದುರು ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಗಳುವವರ ತಪ್ಪೇನೂ ಇಲ್ಲ. ಅಲ್ಲೊಂದು ರೈಲು ಓಡುತ್ತಿತ್ತು ಎನ್ನುವುದೇ ಅವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರೂ "ಹೌದಂತೆ, ಹಿಂದೆ ಒಂದು ಆಟದ ರೈಲಿತ್ತಂತೆ" ಎಂದು ನಗುತ್ತಾರೆ. ಆಟದ ರೈಲಂತೆ! ಅದರಲ್ಲಿ ಅಕ್ಕಿ ಮೂಟೆ ಬಂದಿದೆ, ಬಸುರಿಯರು ಆಸ್ಪತ್ರೆಗೆ ಬಂದಿದ್ದಾರೆ, ನಮ್ಮ ಅಕ್ಕ ತವರಿಗೆ ಬಂದಿದ್ದಾಳೆ. ಆಟ ಆಡಿದವರು ಬೇರೆಯವರು.

ನಾವು ಅದನ್ನು ಗುಡ್ಡದ ರೈಲು ಎನ್ನುತ್ತಿದ್ದೆವು. ಬೀರೂರಿನಿಂದ ಬರುವ ದೊಡ್ಡ ರೈಲಿನ ಪಕ್ಕದಲ್ಲಿ ನಿಂತರೆ ಅದು ನಿಜಕ್ಕೂ ಚಿಕ್ಕದು. ಹಳಿಗಳ ನಡುವೆ ಒಂದು ಎಮ್ಮೆ ಅಡ್ಡ ಮಲಗಿದರೆ ಎರಡೂ ಕಡೆ ಮೈ ಹೊರಗೆ ಬೀಳುತ್ತಿತ್ತು. ಒಂದು ಎಂಜಿನ್, ಎರಡು ಡಬ್ಬಿ, ಹಿಂದೆ ಮೂಟೆಗಳಿಗೆಂದು ಒಂದು ಬರಿಮೈ ವ್ಯಾಗನ್. ಮೊದಲು ಅದನ್ನು ಹಾಕಿದ್ದು ಕಾಡಿನ ಮರ ಇಳಿಸಲು. ಒಳ್ಳೆಯ ಮರವೆಲ್ಲ ಇಳಿದು ಮುಗಿದ ಮೇಲೆ ಅದು ಜನರ ಗಾಡಿಯಾಯಿತು. ನಾನು ಅಜ್ಜಂಪುರದ ಶಾಲೆಯಲ್ಲಿ ಮೇಡಂ ಆಗಿ ಸೇರುವ ಹೊತ್ತಿಗೆ, ಅಂದರೆ ಐವತ್ತರ ದಶಕ ಮುಗಿಯುವಾಗ, ಭಾನುವಾರಗಳಲ್ಲಿ ಕಡೂರು, ಬೀರೂರುಗಳಿಂದ ಸಂಸಾರ ಸಮೇತ ಜನ ಬರುತ್ತಿದ್ದರು. ಪುಳಿಯೋಗರೆ ಕಟ್ಟಿಕೊಂಡು ಬಂದು ಕಿಟಕಿಗೆ ಜೋತುಬಿದ್ದು, ಸೇತುವೆ ಬಂದಾಗ ಹಳ್ಳ ನೋಡಿ ಹೋ ಎಂದು ಕೂಗಿ, ಸಂಜೆಗೆ ಇಳಿದು ಹೋಗುತ್ತಿದ್ದರು. ಅದಕ್ಕೆ ಯಾರದೂ ತಕರಾರಿರಲಿಲ್ಲ. ವಾರದ ಉಳಿದ ದಿನ ಗಾಡಿ ನಮ್ಮದಾಗಿತ್ತು.

ನಮ್ಮದು ಎಂದೆ. ಸರಿಯಾಗಿ ಹೇಳಬೇಕೆಂದರೆ ಅದು ಅಕ್ಕನದು. ನನಗಿಂತ ಐದಾರು ವರ್ಷ ದೊಡ್ಡವಳಾದ ಅಕ್ಕನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಾಲು ಸೊರಗಿಹೋಗಿತ್ತು. ಕಂಕುಳಿಗೆ ಕೋಲು ಕೊಟ್ಟು ಮನೆಯೊಳಗೆ ಎಷ್ಟು ಬೇಕಾದರೂ ಓಡಾಡುತ್ತಿದ್ದಳು. ಬೀದಿಯ ಕೊನೆಯವರೆಗೂ ಹೋಗಿ ಬರುತ್ತಿದ್ದಳು. ಅದಕ್ಕಿಂತ ಹೆಚ್ಚು ದೂರ ಆಗುತ್ತಿರಲಿಲ್ಲ, ಸೊಂಟ ಹಿಡಿದುಕೊಳ್ಳುತ್ತಿತ್ತು. ಅವಳಿಗೆ ಗಂಡು ಸಿಗುವುದೇ ಇಲ್ಲ ಎಂದು ಅಮ್ಮ ಕೈಚೆಲ್ಲಿ ಕೂತಿದ್ದಾಗ ದೊಡ್ಡಪ್ಪ ಒಂದು ಸಂಬಂಧ ತಂದರು. ಅಪ್ಪ ತೀರಿಕೊಂಡ ಮೇಲೆ ಅಡಿಕೆ ಮಂಡಿ ನಡೆಸುತ್ತಿದ್ದ ದೊಡ್ಡಪ್ಪನೇ ನಮ್ಮ ಮನೆಗೆ ಯಜಮಾನರು. ಗಂಡು ಗುಡ್ಡದ ರೈಲಿನ ಕೊನೆಯ ನಿಲ್ದಾಣಕ್ಕಿಂತ ಒಂದು ಹಿಂದಿನ ಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವನು. ಒಳ್ಳೆಯವನು, ಹೆಚ್ಚು ಮಾತಿಲ್ಲ. ಆದರೆ ಅಮ್ಮ ಒಪ್ಪಲಿಲ್ಲ. ಗುಡ್ಡದ ಮೇಲೆ ಕೊಟ್ಟರೆ ಕುಂಟು ಮಗಳನ್ನು ಮತ್ತೆ ನೋಡುವುದು ಯಾವಾಗ ಎಂದು ಎರಡು ದಿನ ಊಟ ಬಿಟ್ಟಳು.

ಆಗ ದೊಡ್ಡಪ್ಪ ಅಮ್ಮನೆದುರು ಕೂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ರೈಲು ಅವಳ ಅಂಗಡಿ ಬಾಗಿಲಲ್ಲಿ ನಿಲ್ಲುತ್ತೆ ಕಣಮ್ಮಾ. ಹತ್ತಿ ಕೂತ್ರೆ ಇಲ್ಲಿ ಇಳೀತಾಳೆ. ಪಕ್ಕದ ಬೀದಿಗೆ ಕೊಟ್ಟಂಗೆ ಅಂದ್ಕೋ. ನಾನಿದೀನಿ."

ಆ ಮಾತಿನ ಮೇಲೆ ಮದುವೆಯಾಯಿತು. ಮಾತು ಸುಳ್ಳೂ ಆಗಲಿಲ್ಲ. ಭಾವ ನಿಲ್ದಾಣದಲ್ಲಿ ತಾವೇ ಕಲ್ಲು ಹೊತ್ತು ಹಾಕಿ, ಮಣ್ಣು ತುಂಬಿ, ಡಬ್ಬಿಯ ಬಾಗಿಲಿನ ಮಟ್ಟಕ್ಕೆ ಒಂದು ಕಟ್ಟೆ ಕಟ್ಟಿದರು. ಅಕ್ಕ ಮೆಟ್ಟಿಲು ಹತ್ತುವ ಗೋಜಿಲ್ಲದೆ ಹಾಗೇ ಒಳಗೆ ಕಾಲಿಡುವಳು. ಎಂಜಿನ್ನಿನವರು ಆ ಬಾಗಿಲು ಸರಿಯಾಗಿ ಆ ಕಟ್ಟೆಗೇ ಬರುವಂತೆ ನಿಲ್ಲಿಸುವರು. ಒಂದು ವೇಳೆ ಮುಂದೆ ಹೋದರೆ ಹಿಂದಕ್ಕೆ ತಂದು ನಿಲ್ಲಿಸುವರು. ಅಕ್ಕ ಕೈ ಮೆಷಿನ್ನಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಸಂತೆಯ ಹಿಂದಿನ ದಿನ ಹೊಲಿದ ಗಂಟು ಹೊತ್ತು ಇಳಿದು ಬರುವಳು, ತರೀಕೆರೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಹಂಚುವಳು, ಹೊಸ ಬಟ್ಟೆ ಅಳತೆ ತೆಗೆದುಕೊಳ್ಳುವಳು. ತರೀಕೆರೆಯ ಅರ್ಧ ಹೆಂಗಸರ ತೋಳಿನ ಅಳತೆ ಅವಳ ತಲೆಯಲ್ಲಿತ್ತು. ಅಳತೆಯ ಜೊತೆ ಅವರ ಮನೆಯ ಜಗಳಗಳೂ ಅಲ್ಲೇ ಇದ್ದವು. ನಾನು ಶನಿವಾರ ಅಜ್ಜಂಪುರದಿಂದ ಬರುವವರೆಗೂ ಎಷ್ಟೋ ಸಲ ಉಳಿದುಬಿಡುತ್ತಿದ್ದಳು. ಮದುವೆಗೆ ಮುಂಚೆ ಬೀದಿಯ ಕೊನೆ ದಾಟದಿದ್ದವಳು ಮದುವೆಯಾದ ಮೇಲೆ ಊರೂರು ತಿರುಗುವವಳಾದಳು ಎಂದು ಅಮ್ಮ ಎಲ್ಲರಿಗೂ ಹೇಳಿಕೊಂಡು ಸಂತೋಷಪಡುತ್ತಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಸುದ್ದಿ ಬಂತು. ರೈಲಿನ ಉಸ್ತುವಾರಿ ಹೊತ್ತ ಇಲಾಖೆಗೆ ಹೊಸ ಸಾಹೇಬರು ಬಂದಿದ್ದಾರೆ, ಅವರು ಯಾವುದೋ ಹೊರದೇಶದ ಗುಡ್ಡಗಳಲ್ಲಿ ಓಡಾಡಿ ಬಂದವರು, ಅಲ್ಲಿ ಜನ ಗಾಳಿ ಸೇವನೆಗೆ ನಡೆಯಲೆಂದೇ ದಾರಿಗಳನ್ನು ಮಾಡಿದ್ದಾರಂತೆ, ಇಲ್ಲಿಯೂ ಹಳಿ ಕಿತ್ತು ಕಬ್ಬಿಣ ಮಾರಿ, ಆ ಜಾಗವನ್ನೇ ಪ್ರವಾಸಿಗಳ ಕಾಲುದಾರಿ ಮಾಡುತ್ತಾರಂತೆ. ಊರಲ್ಲಿ ಮೊದಲು ಎಲ್ಲರೂ ನಕ್ಕರು. ಗುಡ್ಡದವರು ಹುಟ್ಟಿದಾಗಿನಿಂದ ನಡೆಯುತ್ತಲೇ ಇದ್ದಾರೆ, ಅದಕ್ಕೊಂದು ಇಲಾಖೆ ಬೇಕಾ ಎಂದು ಸಂತೆಯಲ್ಲಿ ಗೇಲಿ ಮಾಡಿದರು. ಆಮೇಲೆ ಸಾಹೇಬರೇ ಖುದ್ದು ನೋಡಲು ಬರುತ್ತಾರೆ ಎಂದು ಗೊತ್ತಾದಾಗ ನಗು ನಿಂತಿತು.

ದೊಡ್ಡಪ್ಪ ತಕ್ಷಣ ಸಮಿತಿ ಕಟ್ಟಿದರು. ನ್ಯಾಯವಾಗಿ ಹೇಳುತ್ತೇನೆ, ಆ ರೈಲು ಉಳಿಯಲಿ ಎಂದು ಅವರಷ್ಟು ಓಡಾಡಿದವರು ಇನ್ನೊಬ್ಬರಿಲ್ಲ. ಮಂಡಿ ಕೆಲಸ ಬಿಟ್ಟು ಚಿಕ್ಕಮಗಳೂರಿಗೆ, ಕಡೂರಿಗೆ ಅಲೆದರು. ಆದರೆ ಉಳಿಸುವ ಉಪಾಯ ಅವರಿಗೆ ಗೊತ್ತಿದ್ದದ್ದು ಒಂದೇ. ದೊಡ್ಡವರು ಬಂದರೆ ಅವರ ಮುಂದೆ ಕಷ್ಟ ಹೇಳಬಾರದು, ಚೆನ್ನಾಗಿ ನೋಡಿಕೊಳ್ಳಬೇಕು. ಹಾರ ಹಾಕಬೇಕು, ಪೇಟ ತೊಡಿಸಬೇಕು, ಊಟಕ್ಕೆ ಹೋಳಿಗೆ ಮಾಡಬೇಕು. ಹೊಟ್ಟೆ ತುಂಬ ಉಂಡವರು, ಕೊರಳ ತುಂಬ ಹಾರ ಹಾಕಿಸಿಕೊಂಡವರು, ಉಂಡ ಊರಿಗೆ ಕೆಟ್ಟದ್ದು ಮಾಡಲು ನಾಚುತ್ತಾರೆ. ನಮ್ಮ ಕಡೆಯ ಹಿರಿಯರೆಲ್ಲ ಇದನ್ನೇ ನಂಬಿ ಬದುಕಿದವರು. ತಮ್ಮ ತಮ್ಮಲ್ಲೇ ಆದಾಗ ಅದು ನಡೆದೂ ಇತ್ತು.

ಸಮಿತಿ ನಮ್ಮ ಮನೆಯ ಪಡಸಾಲೆಯಲ್ಲೇ ಸೇರಿತು. ಸಾಹೇಬರು ಬರುವ ದಿನ ಗಾಡಿ ಹೇಗಿರಬೇಕು ಎಂಬ ಮಾತು ಬಂತು. ಡಬ್ಬಿಗೆ ಬಣ್ಣ ಬಳಿಸುವುದು, ಬಾಳೆಕಂದು ಕಟ್ಟುವುದು, ಮುಂದೆ ವಾಲಗದವರನ್ನು ಕೂರಿಸುವುದು, ಎಲ್ಲ ತೀರ್ಮಾನವಾಯಿತು. ಆಮೇಲೆ ಒಬ್ಬರು ಆ ದಿನ ಕೋಳಿ, ಮೂಟೆ, ಹಲಸಿನ ಹಣ್ಣು ಯಾವುದೂ ಗಾಡಿಯಲ್ಲಿ ಇರಬಾರದು ಎಂದರು. ಎಲ್ಲರೂ ಹೌದು ಹೌದು ಎಂದರು. ಇನ್ನೊಬ್ಬರು ನಿತ್ಯ ಹತ್ತುವ ಜನಕ್ಕೂ ಅವತ್ತೊಂದು ದಿನ ಬರಬೇಡಿ ಎಂದು ಹೇಳಿಬಿಡೋಣ, ಬೀಡಿ ಹೊಗೆ, ಎಲೆಯಡಿಕೆ ಉಗುಳು ಸಾಹೇಬರ ಕಣ್ಣಿಗೆ ಬೀಳುವುದು ಬೇಡ ಎಂದರು. ನೀರು ಕೊಡಲು ಬಂದಿದ್ದ ನಾನು ಸುಮ್ಮನಿರಲಾರದೆ ಕೇಳಿಬಿಟ್ಟೆ, ಜನರೇ ಇಲ್ಲದ ರೈಲನ್ನು ತೋರಿಸಿ ಯಾರಿಗೋಸ್ಕರ ಉಳಿಸಿ ಎಂದು ಕೇಳುತ್ತೀರಿ ಎಂದು.

ದೊಡ್ಡಪ್ಪ ಸಿಟ್ಟಾಗಲಿಲ್ಲ. ಓದಿದ ಹುಡುಗಿಗೆ ಲೋಕ ತಿಳಿಯದು ಎನ್ನುವ ಹಾಗೆ ನಕ್ಕರು. "ಹೆಣ್ಣು ನೋಡೋಕೆ ಬಂದಾಗ ಮುಂಬಾಗ್ಲಲ್ಲಿ ಒನಕೆ, ಮೊರ ಹರಡ್ಕೊಂಡು ಕೂತಿರ್ತೀವೇನೇ? ಮೊದ್ಲು ಒಪ್ಗೆ ಆಗ್ಲಿ. ಒನಕೆ ಎಲ್ಲಿಗೂ ಓಡಿಹೋಗಲ್ಲ."

ಸಮಿತಿಯವರು ತಲೆದೂಗಿದರು. ನನ್ನ ಪಿತ್ತ ನೆತ್ತಿಗೇರಿತು. ಹೆಣ್ಣು ತೋರಿಸುವ ಶಾಸ್ತ್ರ ಎಂದರೇನೆಂದು ನನಗೆ ಹೇಳಬೇಕಾಗಿರಲಿಲ್ಲ. ನನ್ನನ್ನು ನೋಡಲು ಎರಡು ಸಲ ಬಂದಿದ್ದರು, ಎರಡು ಸಲವೂ ನಮ್ಮ ಮನೆಯವರು ಅಕ್ಕನನ್ನು ಪಕ್ಕದ ಮನೆಗೆ ಕಳಿಸಿದ್ದರು. ಮನೆಯಲ್ಲಿ ಕುಂಟಿ ಇದ್ದಾಳೆ ಎಂದು ತಿಳಿದರೆ ಸಂಬಂಧ ತಪ್ಪುತ್ತದಂತೆ. ಎರಡೂ ಸಂಬಂಧ ಹೇಗೂ ತಪ್ಪಿದವು, ನನ್ನ ಬಾಯಿಯ ದೆಸೆಯಿಂದ. ಅಕ್ಕ ಮಾತ್ರ ಎರಡು ಮಧ್ಯಾಹ್ನ ಪಕ್ಕದ ಮನೆಯ ಹಿತ್ತಿಲಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ಈಗ ಒಂದು ಇಡೀ ಗುಡ್ಡದ ಜನರನ್ನು ಪಕ್ಕದ ಮನೆಗೆ ಕಳಿಸುವ ಕೆಲಸ ನಡೆದಿತ್ತು, ಅದೂ ಅವರ ಒಳ್ಳೆಯದಕ್ಕೇ!

ಸಾಹೇಬರು ಬಂದ ದಿನ ಆರತಿ ಹಿಡಿಯಲು ಬೇಕು ಎಂದು ನನ್ನನ್ನೂ, ನನ್ನ ಜೊತೆಗೆಂದು ಅಮ್ಮನನ್ನೂ ಹಿಂದಿನ ಡಬ್ಬಿಯಲ್ಲಿ ಕೂರಿಸಿದರು. ಮುಂದಿನ ಡಬ್ಬಿಯಲ್ಲಿ ಸಾಹೇಬರು, ದೊಡ್ಡಪ್ಪ, ಸಮಿತಿಯವರು. ಗಾಡಿಯ ಗುರುತೇ ನನಗೆ ಹತ್ತಲಿಲ್ಲ. ಬೆಂಚುಗಳಿಗೆ ಬಿಳಿ ಬಟ್ಟೆ ಹಾಸಿದ್ದರು. ಹಿಂದಿನ ವ್ಯಾಗನ್ ಕಳಚಿ ಎಲ್ಲೋ ಬಚ್ಚಿಟ್ಟಿದ್ದರು. ಎಂಜಿನ್ನಿಗೆ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ಬೆಳಿಗ್ಗೆಯ ಬಿಸಿಲಲ್ಲಿ ಗುಡ್ಡ, ಹಳ್ಳ, ಸೇತುವೆ ಎಲ್ಲ ಹೊಸದಾಗಿ ಕಂಡವು. ನೋಡಲು ಅಷ್ಟು ಚೆನ್ನಾಗಿತ್ತು, ಆ ಚಂದವೇ ನನಗೆ ಭಯ ಹುಟ್ಟಿಸಿತು.

ಅಕ್ಕನ ಊರು ಬಂತು. ಗಾಡಿ ನಿಲ್ಲಲಿಲ್ಲ, ನಿಧಾನ ಮಾಡಿತು ಅಷ್ಟೆ. ಭಾವನ ಕಟ್ಟೆಯನ್ನು ಗುಡಿಸಿ ರಂಗೋಲಿ ಹಾಕಿದ್ದರು. ಕಟ್ಟೆಯ ಮೇಲೆ ಒಬ್ಬರೂ ಇರಲಿಲ್ಲ. ಅಂಗಡಿಯ ಒಳಗೆ, ಬೆಲ್ಲದ ಅಚ್ಚುಗಳ ಹಿಂದೆ, ಅಕ್ಕ ಕೂತಿದ್ದಳು. ಹಬ್ಬದ ಸೀರೆ ಉಟ್ಟಿದ್ದಳು. ಒಳಗೆ ಕೂತಿರಿ ಎಂದು ದೊಡ್ಡಪ್ಪ ಭಾವನ ಕೈಲಿ ಹೇಳಿಸಿದ್ದರು, ಆದರೂ ಅವಳು ಸೀರೆ ಉಟ್ಟು ಕೂತಿದ್ದಳು. ಅಮ್ಮ ಕಿಟಕಿಯಿಂದ ಕೈ ಬೀಸಿದಳು. ಅಕ್ಕನೂ ಬೀಸಿದಳು. ಗಾಡಿ ಮುಂದೆ ಹೋಯಿತು.

ಮೇಲಿನ ನಿಲ್ದಾಣದಲ್ಲಿ ಶಾಮಿಯಾನ ಹಾಕಿ ಸ್ವಾಗತದ ಬಿನ್ನವತ್ತಳೆ ಓದಿದರು. ಅದನ್ನು ಬರೆದವರು ಯಾರೆಂದು ನನಗೆ ಗೊತ್ತು, ಹೇಳುವುದಿಲ್ಲ. ಗಿರಿಶ್ರೇಣಿಗಳ ರಮಣೀಯತೆ, ತೊರೆಗಳ ಜುಳುಜುಳು ನಾದ, ಪಕ್ಷಿಗಳ ಕಲರವ, ಇಂಥ ನಿಸರ್ಗವನ್ನು ಸಾವಧಾನವಾಗಿ ಸವಿಯಬೇಕೆಂಬ ಒಕ್ಕಣೆ. ಒಂದು ಸಾಲಿನಲ್ಲಾದರೂ ಆಸ್ಪತ್ರೆ ಎಂಬ ಮಾತಿರಲಿಲ್ಲ, ಸಂತೆ ಎಂಬ ಮಾತಿರಲಿಲ್ಲ. ಸಾಹೇಬರು ಪೇಟ ಇಟ್ಟುಕೊಂಡು ಕೂತು ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು. ನಾನು ಆರತಿ ಎತ್ತಿದಾಗ ಎದ್ದು ನಿಂತು ಕೈ ಮುಗಿದರು. ಹೋಳಿಗೆ ಮತ್ತೊಂದು ಹಾಕಿಸಿಕೊಂಡರು.

ರಾತ್ರಿ ಊಟಕ್ಕೆ ಕೂತಾಗ ದೊಡ್ಡಪ್ಪನ ಮುಖದಲ್ಲಿ ಮದುವೆ ಕುದುರಿಸಿದವರ ಕಳೆ ಇತ್ತು. ಸಾಹೇಬರು ಏನು ಕೇಳಿದರು, ತಾವು ಏನು ಹೇಳಿದರು ಎಂದು ಒಂದೊಂದನ್ನೇ ಹೇಳಿಕೊಂಡು ಬಂದರು. ಅಕ್ಕನ ಊರಿನ ಹತ್ತಿರ ಸಾಹೇಬರು ತಲೆ ಹೊರಗೆ ಹಾಕಿ, ಈ ನಿಲ್ದಾಣದಲ್ಲಿ ಯಾರೂ ಹತ್ತುವುದಿಲ್ಲವೇ ಎಂದು ಕೇಳಿದರಂತೆ. ದೊಡ್ಡಪ್ಪ "ಇಲ್ಲ ಸ್ವಾಮಿ, ಬಹಳ ಪ್ರಶಾಂತವಾದ ಸ್ಥಳ" ಎಂದು ಉತ್ತರ ಕೊಟ್ಟರಂತೆ. ಸಾಹೇಬರಿಗೆ ಅದು ಬಹಳ ಹಿಡಿಸಿತಂತೆ.

ಬಡಿಸುತ್ತಿದ್ದ ಅಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ನಾನು ಬಾಯಿಗೆ ಬಂದಂತೆ ಕೂಗಾಡಿದೆ. ನಿಮ್ಮ ತಮ್ಮನ ಮಗಳು ಅಲ್ಲೇ ಅಂಗಡಿಯಲ್ಲಿ ಕೂತಿದ್ದಳು, ಹತ್ತುವವರು ಯಾರೂ ಇಲ್ಲ ಎಂದಿರಾ ಎಂದೆ. ದೊಡ್ಡಪ್ಪ ತಟ್ಟೆಯಲ್ಲೇ ಕೈ ತೊಳೆದರು. ಉಪ್ಪಿನಕಾಯಿಯ ಭರಣಿಯನ್ನು ಪಕ್ಕಕ್ಕೆ ಸರಿಸಿ, ಬಹಳ ತಾಳ್ಮೆಯಿಂದ, ಮನೆಯ ಕುಂದನ್ನು ಪರರ ಮುಂದೆ ಆಡಿಕೊಳ್ಳುವುದು ಮರ್ಯಾದಸ್ತರ ಲಕ್ಷಣ ಅಲ್ಲ ಎಂದರು. ಅವರ ದೃಷ್ಟಿಯಲ್ಲಿ ಅವರು ಅಕ್ಕನ ಮಾನ ಕಾಪಾಡಿದ್ದರು.

ಕೆಲವು ತಿಂಗಳಿಗೆ ಹುಕುಂ ಬಂತು. ಈ ಮಾರ್ಗದಲ್ಲಿ ನಿತ್ಯ ಪ್ರಯಾಣಿಕರು ಇಲ್ಲ, ಇರುವುದು ಪ್ರಕೃತಿ ಸೌಂದರ್ಯ ಮಾತ್ರ, ಊರಿನ ಗಣ್ಯರೇ ಬಯಸಿದಂತೆ ಅದನ್ನು ಸಾವಧಾನವಾಗಿ ಸವಿಯಲು ಕಾಲುದಾರಿಯೇ ಯೋಗ್ಯ. ಓದಿ ಹೇಳಿದವರ ಮುಖವನ್ನು ಸಮಿತಿಯವರು ಮಿಕಿಮಿಕಿ ನೋಡಿದರು. ಅಷ್ಟು ಚೆನ್ನಾಗಿ ನೋಡಿಕೊಂಡೆವಲ್ಲ, ಹೋಳಿಗೆ ತಿಂದು ಹೋದರಲ್ಲ ಎಂದು ಒಬ್ಬರು ಗೊಣಗಿದರು. ಹೋಳಿಗೆಯ ಋಣ ತೀರಿಸಲಿಲ್ಲ ಎಂಬುದೇ ಅವರ ದೂರು. ಜನರನ್ನೇ ಬಚ್ಚಿಟ್ಟು ಜನ ಇಲ್ಲ ಎನಿಸಿಕೊಂಡೆವು ಎಂದು ಯಾರಿಗೂ ಹೊಳೆಯಲಿಲ್ಲ, ಹೊಳೆದರೂ ಬಾಯಿ ಬಿಡಲಿಲ್ಲ.

ಸುದ್ದಿ ಗುಡ್ಡದ ಮೇಲಕ್ಕೆ ಹೋಯಿತು. ಹಳಿ ಕೀಳುವ ಮೊದಲು ಸಾಹೇಬರು ಇನ್ನೊಮ್ಮೆ ತರೀಕೆರೆಗೆ ಬಂದು ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡಿದ್ದಾರೆ ಎಂದು ಭಾವನಿಗೆ ಗೊತ್ತಾಯಿತು. ಅಕ್ಕ ಯಾರನ್ನೂ ಕೇಳಲಿಲ್ಲ. ಊರಿನ ಮನೆಮನೆಗೆ ಹೇಳಿಕಳಿಸಿದಳು. ಆ ಮಧ್ಯಾಹ್ನದ ಗಾಡಿಯಲ್ಲಿ ಗುಡ್ಡವೇ ಇಳಿದು ಬಂತು. ಕೋಳಿ, ಮೂಟೆ, ಎಳೆ ಕೂಸು, ಕೆಮ್ಮುವ ಮುದುಕರು. ಶನಿವಾರವಾದ್ದರಿಂದ ನಾನೂ ಆಗತಾನೆ ಅಜ್ಜಂಪುರದಿಂದ ಬಂದಿದ್ದೆ. ಅಕ್ಕ ನಿಲ್ದಾಣದಿಂದ ಎತ್ತಿನ ಗಾಡಿಯಲ್ಲಿ ಪ್ರವಾಸಿ ಮಂದಿರದವರೆಗೆ ಬಂದು, ಜನರನ್ನು ಅಂಗಳದಲ್ಲಿ ನಿಲ್ಲಿಸಿ, ನನ್ನೊಬ್ಬಳ ಜೊತೆ ಕೋಲೂರಿಕೊಂಡು ಜಗಲಿ ಹತ್ತಿದಳು. ಇನ್ನೊಂದು ಕಂಕುಳಲ್ಲಿ ರವಿಕೆಯ ಗಂಟು ಇತ್ತು. ದೊಡ್ಡಪ್ಪ ಒಳಗೇ ಇದ್ದರು, ಹುಕುಂ ಬದಲಾಯಿಸಿ ಎಂದು ಬೇಡಿಕೊಳ್ಳಲು ಹಣ್ಣಿನ ಬುಟ್ಟಿ ಹಿಡಿದು ಬಂದಿದ್ದರು. ಅವಳನ್ನು ಕಂಡು ಎದ್ದು ನಿಂತರು.

ಸಾಹೇಬರು ಅವಳಿಗೆ ಕುರ್ಚಿ ಹಾಕಿಸಿದರು, ಕಾಫಿ ತರಿಸಿದರು. ಅವಳು ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ, ತಾವು ಅವತ್ತು ಅದೇ ನಿಲ್ದಾಣದಲ್ಲಿ ಯಾರೂ ಹತ್ತುವುದಿಲ್ಲವೇ ಎಂದು ಕೇಳಿದ್ದಾಗಿ, ಇಲ್ಲ ಎಂಬ ಉತ್ತರ ಬಂದದ್ದಾಗಿ ಹೇಳಿದರು. ಹೇಳುತ್ತ ದೊಡ್ಡಪ್ಪನ ಕಡೆ ನೋಡಿದರು.

"ಅವತ್ತು ನಾನು ಅಲ್ಲೇ ಇದ್ದೆ ಸ್ವಾಮಿ," ಎಂದಳು ಅಕ್ಕ. "ಒಳಗೆ ಕೂತ್ಕೋ ಅಂದಿದ್ರು. ಕೂತಿದ್ದೆ."

ಯಾರು ಹೇಳಿದ್ದರು ಎಂದು ಅವಳು ಹೇಳಲಿಲ್ಲ. ಸಾಹೇಬರೂ ಕೇಳಲಿಲ್ಲ. ಆ ಕ್ಷಣ ದೊಡ್ಡಪ್ಪ ಬಾಯಿಬಿಟ್ಟು ನಾನೇ ಹೇಳಿದ್ದು, ತಪ್ಪಾಯಿತು, ಇವಳು ನನ್ನ ತಮ್ಮನ ಮಗಳು, ವಾರ ವಾರ ಅದೇ ಗಾಡಿಯಲ್ಲಿ ಬರುತ್ತಾಳೆ ಎಂದಿದ್ದರೆ ಏನಾಗುತ್ತಿತ್ತೋ ನನಗೆ ತಿಳಿಯದು. ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಅವರು ಅನ್ನಲಿಲ್ಲ. ಹಣ್ಣಿನ ಬುಟ್ಟಿಯನ್ನು ಮೇಜಿನ ಮೇಲೆ ಇಟ್ಟು, ಅದು ನೆಟ್ಟಗೆ ಕೂತಿದೆಯೇ ಎಂದು ನೋಡುತ್ತ ನಿಂತರು. ಅವರ ಪರವಾಗಿ ಏನು ಹೇಳಬಹುದೋ ಎಲ್ಲ ಹೇಳಿದ್ದೇನೆ. ಈ ಒಂದನ್ನು ನಾನು ಅವರಿಗೆ ಬಿಟ್ಟುಕೊಡಲಾರೆ.

ಸಾಹೇಬರು ವಿಷಯ ತಮ್ಮ ಕೈ ಮೀರಿ ಹೋಗಿದೆ, ಕಬ್ಬಿಣದ ಹರಾಜೂ ಆಗಿದೆ ಎಂದರು. ನಿಜವಾಗಿಯೂ ಬೇಸರದಿಂದಲೇ ಹೇಳಿದರು. ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ, ಇಂಥ ಅಶಕ್ತರು ಎಷ್ಟು ಜನ ಇರಬಹುದು, ಬೇಕಾದಾಗ ಡೋಲಿಯ ವ್ಯವಸ್ಥೆ ಮಾಡಿಸಬಹುದು ಎಂದರು.

ಅಕ್ಕ ಕಾಫಿ ಲೋಟ ಕೆಳಗಿಟ್ಟಳು. "ಡೋಲೀಲಿ ಕಾಯಿಲೆ ಬಿದ್ದೋರ್ನ ಹೊತ್ಕೊಂಡು ಬತ್ತಾರೆ ಸ್ವಾಮಿ. ನಂಗೇನೂ ಕಾಯಿಲೆ ಇಲ್ಲ. ನಂಗೆ ಈ ರವಿಕೆ ಕೊಟ್ಟು ಬರೋದೈತೆ, ಅಷ್ಟೆ."

ಹೀಗೆಂದು ಎದ್ದಳು. ಅವತ್ತು ಸಂಜೆ ನಮ್ಮ ಜಗಲಿಯಲ್ಲಿ ಕೂತು ಎಂದಿನಂತೆ ರವಿಕೆ ಹಂಚಿದಳು. ಹೊಸ ಬಟ್ಟೆ ಮಾತ್ರ ಯಾರಿಂದಲೂ ತೆಗೆದುಕೊಳ್ಳಲಿಲ್ಲ.

ಹಳಿ ಕೀಳಲು ಬಂದವರು ಮೇಲಿನಿಂದ ಶುರುಮಾಡಿದರು. ಕಿತ್ತ ಹಳಿಯನ್ನು ಅದೇ ರೈಲಿನ ಮೇಲೆ ಹೇರಿ ಕೆಳಗೆ ತಂದರು. ರೈಲು ತನ್ನ ದಾರಿಯನ್ನು ತಾನೇ ಹೊತ್ತು ಇಳಿಯಿತು. ನಾನು ಅಜ್ಜಂಪುರದಲ್ಲಿ ಪಾಠ ಹೇಳುತ್ತಿದ್ದೆ, ಕಣ್ಣಾರೆ ನೋಡಲಿಲ್ಲ, ಒಳ್ಳೆಯದೇ ಆಯಿತು. ಮುಂದಿನ ಬೇಸಗೆಗೆ ಕಾಲುದಾರಿ ಸಿದ್ಧವಾಯಿತು. ಜಲ್ಲಿಯ ಮೇಲೆ ಮಣ್ಣು ಹಾಕಿ ದಮ್ಮಸ್ಸು ಮಾಡಿದ್ದರು, ಅಲ್ಲಲ್ಲಿ ಕೂರಲು ಕಲ್ಲು ಬೆಂಚು, ಸೇತುವೆಗೆ ಹಲಗೆ ಮತ್ತು ಕಟಕಟೆ. ಒಂದು ಎತ್ತಿನ ಗಾಡಿಯಾದರೂ ಅಲ್ಲಿ ಸಲೀಸಾಗಿ ಹೋಗುತ್ತಿತ್ತು. ಭಾವ ಹಾಗೇ ಅಂದುಕೊಂಡು ಗಾಡಿಗೆ ಮುಂಗಡ ಕೊಡಲು ಹೊರಟಿದ್ದರು. ಆದರೆ ಚಕ್ರದಿಂದ ದಾರಿ ಹಾಳಾಗುತ್ತದೆಂದು ಎರಡೂ ತುದಿಯಲ್ಲಿ ಮೂರು ಮೂರು ಕಲ್ಲುಗಂಬ ನೆಟ್ಟಿದ್ದರು. ಕಲ್ಲುಗಳ ನಡುವೆ ಮನುಷ್ಯರು ಹೋಗಬಹುದು, ಗಾಡಿ ಹೋಗಲಾಗದು. ಗುಡ್ಡದ ಹಳೆಯ ಬಂಡಿ ದಾರಿ ಹಳ್ಳದೊಳಗೇ ಇಳಿದು ಹತ್ತುತ್ತಿತ್ತು, ಮಳೆ ಶುರುವಾದರೆ ತಿಂಗಳುಗಟ್ಟಲೆ ಮುಚ್ಚುತ್ತಿತ್ತು. ಬೇಸಗೆಯಲ್ಲಿ ಒಂದು ಸಲ ಅಕ್ಕ ಆ ದಾರಿಯಲ್ಲೇ ಬಂಡಿ ಹತ್ತಿ ಬಂದಳು. ಬಂದವಳು ಎರಡು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಮತ್ತೆ ಬರಲಿಲ್ಲ.

ತರೀಕೆರೆಯ ಹೆಂಗಸರು ಬಸ್‌ಸ್ಟ್ಯಾಂಡ್ ಹತ್ತಿರದ ದರ್ಜಿಗೆ ರವಿಕೆ ಕೊಡತೊಡಗಿದರು. ತೋಳು ಹಿಡಿಯುತ್ತದೆ ಎಂದು ಅಮ್ಮನ ಹತ್ತಿರ ಬಂದು ದೂರುತ್ತಿದ್ದರು. ದೊಡ್ಡಪ್ಪ ಪಡಸಾಲೆಯಲ್ಲಿ ಆ ಮಾತು ಬಂದಾಗಲೆಲ್ಲ ಮಂಡಿಗೆ ಎದ್ದು ಹೋಗುತ್ತಿದ್ದರು.

ಆ ವರ್ಷ ಗೌರಿಹಬ್ಬ ಬಂತು. ಮದುವೆಯಾದಾಗಿನಿಂದ ಅಕ್ಕ ಹಬ್ಬಕ್ಕೆ ಬಾರದಿದ್ದ ವರ್ಷ ಇರಲಿಲ್ಲ. ಬಾಗಿನವನ್ನು ಯಾರ ಕೈಲಾದರೂ ಕಳಿಸೋಣ ಎಂದು ದೊಡ್ಡಪ್ಪ ಹೇಳಿದರು. ಅಮ್ಮ ಮೊರದ ಬಾಗಿನವನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ತಾನೇ ಹೊತ್ತುಕೊಂಡು, ನಡಿಯೇ ಎಂದು ನನ್ನನ್ನು ಎಬ್ಬಿಸಿದಳು. ಮಳೆ ಒಂದೆರಡು ದಿನದಿಂದ ಬಿಡುವು ಕೊಟ್ಟಿತ್ತು. ಅರವತ್ತು ದಾಟಿದ ಅವಳಿಗೆ ಮೊಣಕಾಲು ನೋವು. ಮೊರವನ್ನು ನನ್ನ ಕೈಗೆ ಕೊಡು ಎಂದರೂ ಕೊಡಲಿಲ್ಲ.

ರಜೆಯ ದಿನವಾದ್ದರಿಂದ ಕಾಲುದಾರಿಯಲ್ಲಿ ಜನವೋ ಜನ. ಕ್ಯಾಮೆರಾ ನೇತುಹಾಕಿಕೊಂಡವರು, ಟಿಫನ್ ಕ್ಯಾರಿಯರ್ ಹಿಡಿದವರು, ಬೆಂಚಿನ ಮೇಲೆ ಕೂತು ಹಾಡುವವರು. ಅಮ್ಮ ಪ್ರತಿ ಬೆಂಚಿಗೂ ಕೂತಳು, ಪ್ರತಿ ಬೆಂಚಿನಿಂದಲೂ ನನ್ನ ಭುಜ ಹಿಡಿದು ಎದ್ದಳು. ಸೇತುವೆಯ ಹತ್ತಿರ ಮೈಸೂರಿನ ಕಡೆಯವನಂತೆ ಕಾಣುವ ಒಬ್ಬ ಯುವಕ ಅವಳ ಸ್ಥಿತಿ ನೋಡಿ ತನ್ನ ಫ್ಲಾಸ್ಕಿನಿಂದ ನೀರು ಕೊಟ್ಟ. ಒಳ್ಳೆಯ ಹುಡುಗ. ಈ ವಯಸ್ಸಿನಲ್ಲೂ ನೋಡಲು ಬಂದಿದ್ದೀರಲ್ಲ ಎಂದು ಮೆಚ್ಚಿಕೊಂಡ. ರೈಲಿನಲ್ಲಿ ಕೂತಿದ್ದರೆ ಇದೆಲ್ಲ ಹೀಗೆ ಕಾಣುತ್ತಿತ್ತೇ ಅಜ್ಜಿ ಎಂದು ಹಳ್ಳದ ಕಡೆ ಕೈ ತೋರಿಸಿದ.

ಅಮ್ಮ ಹಳ್ಳದ ಕಡೆ ನೋಡಲಿಲ್ಲ. ನೀರು ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಹೇಳಿದಳು. "ರೈಲಿದ್ದಾಗ ನನ್ ಮಗಳು ಕಾಣ್ತಿದ್ಲು ಕಣಪ್ಪಾ."

ಅವನಿಗೆ ಏನೂ ಅರ್ಥವಾಗಲಿಲ್ಲ. ವಿವರಿಸುವ ತಾಳ್ಮೆ ನನಗೂ ಇರಲಿಲ್ಲ.

ಅಂಗಡಿ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅಕ್ಕ ಬಾಗಿಲಲ್ಲಿ ನಮ್ಮನ್ನು ಕಂಡು ಕೋಲೂರಿಕೊಂಡು ಎದ್ದು ಬಂದಳು. ಬಾಗಿನ ತೆಗೆದುಕೊಂಡು ಅಮ್ಮನಿಗೆ ನಮಸ್ಕಾರ ಮಾಡಿದಳು. ಆಮೇಲೆ ಬಿಸಿನೀರು ತರಿಸಿ, ಕೋಲನ್ನು ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತು, ಊದಿಕೊಂಡ ಅಮ್ಮನ ಪಾದಗಳನ್ನು ಒಂದೊಂದಾಗಿ ತೊಳೆದಳು. ಹೊರಗೆ ದಾರಿಯಲ್ಲಿ ಹೋಗುವವರ ನಗು ಕೇಳಿಸುತ್ತಿತ್ತು. ಬೆರಳುಗಳ ಸಂದಿಯ ಮಣ್ಣು ತೆಗೆಯುತ್ತ, ತಲೆ ಎತ್ತದೆ, ಅಕ್ಕ ಹೇಳಿದಳು.

"ಮುಂದಿನ್ ವರ್ಷ ಬರ್ಬೇಡ ಕಣಮ್ಮಾ."

ಅಮ್ಮ ಅವಳ ತಲೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ಬರುತ್ತೇನೆ ಎಂದು ಹೇಳಲು ಅವಳಿಗೆ ಆಗಲಿಲ್ಲ.